ಒಸಡಿನಲ್ಲಿ ರಕ್ತ ಕಂಡರೆ ಫ್ಲಾಸ್ ಬಿಡಬೇಕೆ?

ಪ್ರಶ್ನೆ: ದಿನಕ್ಕೆರಡು ಬಾರಿ ಹಲ್ಲುಜ್ಜುತ್ತೇನೆ. ಕಳೆದ ವಾರ ಫ್ಲಾಸ್ (ಹಲ್ಲುಗಳ ಸಂದು ಶುಚಿ ಮಾಡುವ ದಾರ) ಮಾಡಲು ಶುರುಮಾಡಿದೆ. ಪ್ರತಿ ಸಲವೂ ದಾರಕ್ಕೆ ರಕ್ತ ಅಂಟುತ್ತಿತ್ತು, ಹೆದರಿ ನಿಲ್ಲಿಸಿದ್ದೇನೆ. ಸರಿಯೇ? (ಓದುಗರು, ತಿಪಟೂರು)

ನಿಲ್ಲಿಸಬೇಡಿ. ಆರೋಗ್ಯವಾಗಿರುವ ಒಸಡು ದಾರ ಮೆಲ್ಲಗೆ ತಾಗಿದರೆ ರಕ್ತ ಬಿಡುವುದಿಲ್ಲ. ನಿಮ್ಮ ಒಸಡು ಮೊದಲೇ ಊದಿಕೊಂಡಿತ್ತು, ದಾರ ಅದನ್ನು ತೋರಿಸಿಕೊಟ್ಟಿತು ಅಷ್ಟೇ. ಬ್ರಷ್ ಹಲ್ಲಿನ ಹೊರಮೈ, ಒಳಮೈ ಮತ್ತು ಅಗಿಯುವ ಮೈಯನ್ನು ಉಜ್ಜುತ್ತದೆ. ಹಲ್ಲಿಗೆ ಹಲ್ಲು ತಾಗುವ ಎರಡು ಪಕ್ಕಗಳಿಗೆ ಅದರ ಎಳೆ ಇಳಿಯುವುದಿಲ್ಲ. ಅಲ್ಲಿ ಕೂರುವ ಬ್ಯಾಕ್ಟೀರಿಯಾಗಳ ಅಂಟುಪದರವೇ ಪ್ಲಾಕ್. ಒಸಡಿನ ಉರಿಯೂತ ಹೆಚ್ಚಾಗಿ ಈ ಸಂದಿನಲ್ಲೇ ಆರಂಭವಾಗುತ್ತದೆ.

ಡೆನ್ಮಾರ್ಕಿನ ಆರ್ಹುಸ್‌ನಲ್ಲಿ ಹಾರಾಲ್ಡ್ ಲೋ ಮತ್ತು ಸಂಗಡಿಗರು 1965ರಲ್ಲಿ ಪ್ರಕಟಿಸಿದ ಪ್ರಯೋಗ ಇದನ್ನು ಸ್ಪಷ್ಟವಾಗಿ ತೋರಿಸಿತು. ಒಸಡು ಚೆನ್ನಾಗಿದ್ದ 12 ಮಂದಿ ಹಲ್ಲು ಶುಚಿ ಮಾಡುವುದನ್ನೇ ಬಿಟ್ಟರು. 10ರಿಂದ 21 ದಿನಗಳೊಳಗೆ ಎಲ್ಲರ ಒಸಡೂ ಉರಿಯೂತಕ್ಕೆ ತುತ್ತಾಯಿತು. ಶುಚಿ ಮಾಡುವುದನ್ನು ಮತ್ತೆ ಆರಂಭಿಸಿದಾಗ ಸುಮಾರು ಒಂದು ವಾರದಲ್ಲಿ ವಾಸಿಯಾಯಿತು. ನೀವೂ ದಿನಕ್ಕೊಮ್ಮೆ, ರಾತ್ರಿ ಮಲಗುವ ಮುನ್ನ ತಪ್ಪದೆ ಮಾಡಿ. ಒಂದೆರಡು ವಾರದಲ್ಲಿ ರಕ್ತ ಕಡಿಮೆಯಾಗಬೇಕು. ಆಗದಿದ್ದರೆ ಒಸಡಿನ ಕೆಳಗೆ ಗಾರೆ (ಕಲ್ಲಿನಂತೆ ಗಟ್ಟಿಯಾದ ಪ್ಲಾಕ್) ಕಟ್ಟಿರಬಹುದು, ದಂತವೈದ್ಯರಿಗೆ ತೋರಿಸಿ. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ನೀವಾಗಿಯೇ ಅದನ್ನು ಬಿಡಬೇಡಿ, ವೈದ್ಯರಿಗೆ ತಿಳಿಸಿ. ಏನೂ ತಾಗದಿದ್ದರೂ ರಕ್ತ ಒಸರುತ್ತಿದ್ದರೆ ಅಥವಾ ಮೈಮೇಲೆ ಕಾರಣವಿಲ್ಲದೆ ಕೆಂಪು ಚುಕ್ಕೆ ಕಂಡರೆ ತಡಮಾಡದೆ ರಕ್ತಪರೀಕ್ಷೆ ಆಗಬೇಕು.

ಪ್ರಶ್ನೆ: ಫ್ಲಾಸ್ ಹಾಕುವ ಸರಿಯಾದ ಕ್ರಮ ಯಾವುದು? ದಾರ ಒಂದೇ ಜಾಗದಲ್ಲಿ ಹರಿಯುತ್ತದೆ. ಹೊಲಿಗೆ ದಾರ ಬಳಸಬಹುದೇ? (ಓದುಗರು, ಶಿರಸಿ)

ಒಂದು ಮೊಳ, ಅಂದರೆ ಸುಮಾರು 45 ಸೆಂ.ಮೀ. ದಾರ ತೆಗೆದುಕೊಳ್ಳಿ. ಹೆಚ್ಚಿನ ಭಾಗವನ್ನು ಒಂದು ಕೈಯ ನಡುಬೆರಳಿಗೆ, ಉಳಿದದ್ದನ್ನು ಇನ್ನೊಂದು ಕೈಯ ನಡುಬೆರಳಿಗೆ ಸುತ್ತಿ. ನಡುವೆ 3–5 ಸೆಂ.ಮೀ. ಮಾತ್ರ ಬಿಗಿಯಾಗಿರಲಿ. ಕೆಳಗಿನ ಹಲ್ಲುಗಳಿಗೆ ಎರಡೂ ತೋರುಬೆರಳು, ಮೇಲಿನವಕ್ಕೆ ಹೆಬ್ಬೆರಳು ಮತ್ತು ತೋರುಬೆರಳು ಅನುಕೂಲ.

ಹಲ್ಲುಗಳು ಒಂದಕ್ಕೊಂದು ತಾಗುವ ಬಿಗಿ ಜಾಗವನ್ನು ದಾರ ದಾಟುವವರೆಗೆ ಮಾತ್ರ ಹಿಂದೆ ಮುಂದೆ ಆಡಿಸಿ. ಹೆಚ್ಚಿನವರು ತಪ್ಪುವುದು ಇಲ್ಲೇ: ಜೋರಾಗಿ ಒತ್ತಿದಾಗ ದಾರ ಪಟ್ಟನೆ ಒಳಗೆ ಹಾರಿ ಒಸಡನ್ನು ಕೊಯ್ಯುತ್ತದೆ. ದಾಟಿದ ಮೇಲೆ ಆ ಆಟ ನಿಲ್ಲಬೇಕು. ಈಗ ದಾರವನ್ನು ಬಾಗಿಸಿ ಒಂದು ಹಲ್ಲಿನ ಪಕ್ಕಕ್ಕೆ ತಬ್ಬಿಸಿ, ಒಸಡಿನ ಅಂಚಿನ ಕೆಳಗೆ ತಡೆ ಸಿಗುವಷ್ಟು, ಸುಮಾರು 2 ಮಿ.ಮೀ. ಇಳಿಸಿ, ಮೇಲೆ ಕೆಳಗೆ ನಾಲ್ಕೈದು ಸಲ ಸವರಿ. ದಾರ ಹೊರತೆಗೆಯದೆ, ನಡುವಿನ ಒಸಡಿನ ತುದಿಯ ಮೇಲಿಂದ ದಾಟಿಸಿ, ಪಕ್ಕದ ಹಲ್ಲಿಗೂ ಹಾಗೆಯೇ ಮಾಡಿ. ಪ್ರತಿ ಸಂದಿಗೆ ದಾರದ ಹೊಸ ಭಾಗ ಬರಲಿ. ಕೊನೆಯ ದವಡೆಹಲ್ಲಿನ ಹಿಂಬದಿಯನ್ನು ಮರೆಯಬೇಡಿ. ಸಂದಿನಲ್ಲಿ ಸಿಕ್ಕ ಆಹಾರದ ಚೂರು ಬಂದರೆ ಮುಗಿಯಿತು ಎಂದುಕೊಳ್ಳುವವರೇ ಹೆಚ್ಚು. ಒಸಡಿಗೆ ಉಪಕಾರವಾಗುವುದು ಹಲ್ಲಿನ ಪಕ್ಕವನ್ನು ಸವರಿದಾಗ.

ಹೊಲಿಗೆ ದಾರ ಬೇಡ: ಒಸಡನ್ನು ಕೊಯ್ಯುತ್ತದೆ, ತುಂಡಾದರೆ ಒಳಗೇ ಉಳಿಯುತ್ತದೆ. ಪಿನ್ನು, ಬೆಂಕಿಕಡ್ಡಿಯೂ ಬೇಡ. ಫ್ಲಾಸ್ ಒಂದೇ ಕಡೆ ಎಳೆ ಬಿಡುತ್ತಿದ್ದರೆ ಅಲ್ಲಿ ಹುಳುಕು, ಗಾರೆ ಅಥವಾ ಅಂಚು ಚಾಚಿದ ಫಿಲ್ಲಿಂಗ್ ಇರುವ ಸಂಭವವಿದೆ. ದಂತವೈದ್ಯರಿಗೆ ಆ ಜಾಗವನ್ನು ಬೆರಳಿಟ್ಟು ತೋರಿಸಿ. ಸಿಕ್ಕಿಹಾಕಿಕೊಂಡರೆ ಜಗ್ಗಬೇಡಿ, ಒಂದು ತುದಿ ಬಿಟ್ಟು ಪಕ್ಕಕ್ಕೆ ಎಳೆಯಿರಿ.

ಪ್ರಶ್ನೆ: ವಯಸ್ಸು 52. ಹಲ್ಲುಗಳ ನಡುವೆ ಸಂದು ಬಿದ್ದಿದೆ, ಒಂದು ಕಡೆ ಬ್ರಿಡ್ಜ್ (ಪಕ್ಕದ ಹಲ್ಲುಗಳಿಗೆ ಕೂರಿಸಿದ ಕಟ್ಟು ಹಲ್ಲು) ಇದೆ. ಫ್ಲಾಸ್‌ನಿಂದ ಲಾಭವೇ ಇಲ್ಲ ಎಂದೂ ಓದಿದ್ದೇನೆ. (ಓದುಗರು, ಧಾರವಾಡ)

ಅಮೆರಿಕದ ಆಹಾರ ಮಾರ್ಗಸೂಚಿಯಿಂದ ಫ್ಲಾಸ್ ಸಲಹೆ ಕೈಬಿಟ್ಟುಹೋದಾಗ, 2016ರಲ್ಲಿ ಆ ಸುದ್ದಿ ಹರಡಿತು. ಈ ಬಗೆಗಿನ ಅಧ್ಯಯನಗಳು ಬಹುತೇಕ ಚಿಕ್ಕವು, ಅಲ್ಪಾವಧಿಯವು, ಹಾಗಾಗಿ ಪುರಾವೆ ಗಟ್ಟಿಯಾಗಿಲ್ಲ ಎಂಬುದು ನಿಜ. ಲಾಭವಿಲ್ಲ ಎಂದು ಅವು ಸಾಬೀತು ಮಾಡಲಿಲ್ಲ. ಹಲವು ಅಧ್ಯಯನಗಳನ್ನು ಒಟ್ಟಿಗೆ ತೂಗಿನೋಡುವ 2019ರ ಕಾಕ್ರೇನ್ ವಿಮರ್ಶೆ, ಬ್ರಷ್ ಜೊತೆಗೆ ಫ್ಲಾಸ್ ಅಥವಾ ಸಂದುಬ್ರಷ್ (ಹಲ್ಲುಗಳ ನಡುವೆ ತೂರಿಸುವ ಪುಟ್ಟ ಬ್ರಷ್) ಬಳಸಿದರೆ ಒಸಡಿನ ಉರಿಯೂತ ಇನ್ನಷ್ಟು ತಗ್ಗಬಹುದು ಎಂದಿತು.

ನಿಮಗೆ ಸಂದುಬ್ರಷ್ಷೇ ಸೂಕ್ತ. ಒಸಡು ಜಾರಿದಾಗ ತೆರೆದುಕೊಳ್ಳುವ ಬೇರಿನ ಮೈ ಅಲ್ಲಲ್ಲಿ ತಗ್ಗಾಗಿರುತ್ತದೆ, ಬಿಗಿಯಾದ ದಾರ ಆ ತಗ್ಗಿನ ಮೇಲಿಂದಲೇ ಹಾದುಹೋಗುತ್ತದೆ. ಬ್ರಷ್‌ನ ಎಳೆ ಒಳಗೆ ಇಳಿಯುತ್ತದೆ. ಎಳೆ ತುಸು ಉಜ್ಜಬೇಕು, ನಡುವಿನ ತಂತಿ ಹಲ್ಲಿಗೆ ತಾಗಬಾರದು, ಇದೇ ಅಳತೆ. ಬೇರೆ ಬೇರೆ ಸಂದಿಗೆ ಎರಡು ಮೂರು ಗಾತ್ರ ಬೇಕಾಗಬಹುದು. ಪೇಸ್ಟ್ ಬೇಡ. ಎಳೆ ಕೆದರಿದರೆ ಅಥವಾ ತಂತಿ ಬಾಗಿದರೆ ಬದಲಿಸಿ. ಬ್ರಿಡ್ಜ್‌ನ ಕೆಳಗೆ ಗಡುಸು ತುದಿಯ ಸೂಪರ್ ಫ್ಲಾಸ್ ತೂರಿಸಿ ಎಳೆಯಿರಿ.

ಪ್ರಶ್ನೆ: ಸ್ಕೇಲಿಂಗ್ (ದಂತವೈದ್ಯರು ಗಾರೆ ತೆಗೆಯುವುದು) ಮಾಡಿಸಿದರೆ ಹಲ್ಲು ಸಡಿಲವಾಗುತ್ತದಂತೆ. ಫ್ಲಾಸ್ ಸಾಲದೇ? (ಓದುಗರು, ಕೋಲಾರ)

ಗಟ್ಟಿಯಾದ ಗಾರೆಯನ್ನು ಫ್ಲಾಸ್ ತೆಗೆಯಲಾರದು. ಸ್ಕೇಲಿಂಗ್ ಹಲ್ಲನ್ನು ಸಡಿಲ ಮಾಡುವುದಿಲ್ಲ. ಅದರ ನಂತರ ಕಾಣುವ ಸಂದು, ಮೂಳೆ ಕರಗಿ ಮೊದಲೇ ಆಗಿದ್ದದ್ದು; ಗಾರೆ ಅದನ್ನು ತುಂಬಿಕೊಂಡಿತ್ತು. ಕೆಲ ದಿನ ತಣ್ಣೀರು ಜುಮ್ಮೆನ್ನುವುದು ಸಹಜ.

ಪ್ರಶ್ನೆ: ತಂದೆಗೆ ಸಕ್ಕರೆ ಕಾಯಿಲೆ, ಬೀಡಿಯೂ ಸೇದುತ್ತಾರೆ. ರಕ್ತ ಬರುವುದಿಲ್ಲ, ಆದರೆ ಹಲ್ಲು ಅಲ್ಲಾಡುತ್ತಿದೆ. (ಓದುಗರು, ಕಲಬುರಗಿ)

ರಕ್ತವಿಲ್ಲವೆಂದು ಸಮಾಧಾನಪಡಬೇಡಿ. ಧೂಮಪಾನಿಗಳ ಒಸಡಿನಲ್ಲಿ ರಕ್ತ ಕಡಿಮೆ ಕಾಣಿಸಿಕೊಳ್ಳುತ್ತದೆ, ಮೂಳೆ ಮಾತ್ರ ಒಳಗೊಳಗೇ ಸವೆಯುತ್ತದೆ. ಸಕ್ಕರೆ ಹತೋಟಿಯಲ್ಲಿಲ್ಲದಿದ್ದರೆ ಒಸಡಿನ ರೋಗ ಉಲ್ಬಣಿಸುತ್ತದೆ. ಒಸಡಿಗೆ ಚಿಕಿತ್ಸೆಯಾದರೆ ಸಕ್ಕರೆಯ ಮಟ್ಟವೂ ತುಸು ಸುಧಾರಿಸುತ್ತದೆ. ಹಲ್ಲು ಅಲ್ಲಾಡುವ ಹಂತ ಮನೆಯ ಆರೈಕೆಯ ಕೈಮೀರಿದ್ದು. ಒಸಡಿನ ತಜ್ಞರ ಬಳಿ ಕರೆದೊಯ್ದು, ಪ್ರತಿ ಹಲ್ಲಿನ ಸುತ್ತ ಹಲ್ಲಿಗೂ ಒಸಡಿಗೂ ನಡುವಿನ ಸಂದಿನ ಆಳ ಅಳೆಸಿ. 1ರಿಂದ 3 ಮಿ.ಮೀ. ಸಾಮಾನ್ಯ. ಎಕ್ಸ್‌ರೇ ಬೇಕಾಗುತ್ತದೆ. ಇತ್ತೀಚಿನ ಎಚ್‌ಬಿಎ1ಸಿ (ಎರಡು ಮೂರು ತಿಂಗಳ ಸರಾಸರಿ ಸಕ್ಕರೆ ಮಟ್ಟ ತೋರಿಸುವ ರಕ್ತಪರೀಕ್ಷೆ) ವರದಿ ಮತ್ತು ಅವರು ನುಂಗುವ ಎಲ್ಲ ಮಾತ್ರೆಗಳ ಪಟ್ಟಿಯನ್ನು ಜೊತೆಗೊಯ್ಯಿರಿ. ರಕ್ತದೊತ್ತಡಕ್ಕೆ ಕೊಡುವ ಅಮ್ಲೋಡಿಪಿನ್‌ನಂಥ ಮಾತ್ರೆಯಿಂದ ಕೆಲವರಲ್ಲಿ ಒಸಡು ಬೆಳೆದು ಹಲ್ಲನ್ನು ಮುಚ್ಚುವುದುಂಟು.