ಮಡಿಲ ಮಗುವಿನ ಸುನ್ನತಿ, ಹದಿಹರೆಯದವನ ಸುನ್ನತಿ

ಪ್ರಶ್ನೆ: ನಮ್ಮ ನರ್ಸಿಂಗ್ ಕಾಲೇಜಿನಲ್ಲಿ ದಕ್ಷಿಣ ಆಫ್ರಿಕಾದ ಖೋಸಾ ಸಮುದಾಯದ ಸಹಪಾಠಿಯೊಬ್ಬರಿದ್ದಾರೆ. ಸುನ್ನತಿಯಾಗದವನನ್ನು ತಮ್ಮಲ್ಲಿ ಗಂಡಸೆಂದು ಎಣಿಸುವುದಿಲ್ಲ ಎಂದರು. ಯಹೂದಿಗಳದೂ ಇದೇ ಪದ್ಧತಿಯೇ?
– ಓದುಗರು, ವಿಜಯನಗರ, ಬೆಂಗಳೂರು

ಉತ್ತರ: ತೆಗೆಯುವ ಚರ್ಮ ಒಂದೇ, ಉದ್ದೇಶ ಬೇರೆ. ಯಹೂದಿಗಳಿಗೆ ಇದು ದೇವರು ಅಬ್ರಹಾಮನೊಡನೆ ಮಾಡಿಕೊಂಡ ಒಡಂಬಡಿಕೆಯ ಗುರುತು. ಸೋಮವಾರ ಹಗಲು ಹುಟ್ಟಿದ ಮಗುವಿಗೆ ಮುಂದಿನ ಸೋಮವಾರ, ಅಂದರೆ ಎಂಟನೆಯ ದಿನ ನಡೆಯುತ್ತದೆ. ಅಜ್ಜನೋ ಮತ್ತೊಬ್ಬ ಹಿರಿಯರೋ ಮಗುವನ್ನು ತೊಡೆಯ ಮೇಲೆ ಹಿಡಿದಿರುತ್ತಾರೆ, ಮೊಹೆಲ್ ಎಂಬವರು ಮುಂದೊಗಲು ತೆಗೆಯುತ್ತಾರೆ, ಅಲ್ಲೇ ನಾಮಕರಣವೂ ಆಗುತ್ತದೆ. ಮಗು ಅತ್ತರೆ ಯಾರೂ ತಪ್ಪೆಣಿಸುವುದಿಲ್ಲ.

ಖೋಸಾ ಹುಡುಗ ಮಾತ್ರ ಅಳುವಂತಿಲ್ಲ. 1934ರಲ್ಲಿ, 16ರ ಹರೆಯದ ನೆಲ್ಸನ್ ಮಂಡೇಲಾ ಎಂಬಾಷೆ ನದಿಯ ದಡದಲ್ಲಿ ಸಾಲಾಗಿ ಕುಳಿತ ಹುಡುಗರಲ್ಲೊಬ್ಬರು. ಅರಿವಳಿಕೆಯಿಲ್ಲ. ಕತ್ತಿ ಆಡಿದೊಡನೆ ‘ನಾನು ಗಂಡಸು’ ಎಂದು ಕೂಗಬೇಕು. ಉಳಿದವರು ತನಗಿಂತ ಬೇಗ ಕೂಗಿದರೆಂದು ಅವರು ನಾಚಿಕೊಂಡರಂತೆ! ಆಮೇಲೆ ಮೈಗೆ ಬಿಳಿಮಣ್ಣು, ಊರಾಚೆಯ ಗುಡಿಸಲಿನಲ್ಲಿ ವಾಸ, ಹೊಸ ಹೆಸರು. ಕೊನೆಗೆ ಆ ಗುಡಿಸಲನ್ನೇ ಸುಟ್ಟುಬಿಡುತ್ತಾರೆ.

ನಾನು ಶಸ್ತ್ರವೈದ್ಯ. ಶಿವಾಜಿನಗರದಲ್ಲಿ ಎಷ್ಟೋ ಮಕ್ಕಳಿಗೆ ಸುನ್ನತಿ ಮಾಡಿದ್ದೇನೆ. ಕತ್ತರಿಸುವುದು ನಿಮಿಷಗಳ ಕೆಲಸ. ರಕ್ತ ನಿಂತಿತೇ, ಮೂತ್ರ ಬಂದಿತೇ, ಬ್ಯಾಂಡೇಜ್ ಬಿಗಿದುಕೊಂಡಿಲ್ಲವಷ್ಟೇ ಎಂದು ಕಾಯುವುದರಲ್ಲಿದೆ ಜೀವ. ದಕ್ಷಿಣ ಆಫ್ರಿಕಾದ ಈಸ್ಟರ್ನ್ ಕೇಪ್ ಪ್ರಾಂತ್ಯದಲ್ಲಿ ಖೋಸಾ ಹುಡುಗರು ಸಾಯುತ್ತಿರುವುದು ಈ ಹಂತದಲ್ಲೇ. ಬಿಗಿದ ಪಟ್ಟಿಯಿಂದ ಗ್ಯಾಂಗ್ರೀನ್ (ರಕ್ತ ಹರಿಯದೆ ಅಂಗ ಕೊಳೆಯುವುದು), ನೀರು ಕೊಡದೆ ನಿರ್ಜಲೀಕರಣ, ನಂಜು. ಆಸ್ಪತ್ರೆಗೆ ಹೋದರೆ ಹೀನಾಯವಾಗಿ ನೋಡುತ್ತಾರೆಂಬ ಭಯ ಬೇರೆ. 2021ರಲ್ಲಿ ಅಲ್ಲಿ ಕಾನೂನು ಬಂದಿದೆ: 16 ತುಂಬದವರನ್ನು ಸೇರಿಸುವಂತಿಲ್ಲ, ವೈದ್ಯರ ಪ್ರಮಾಣಪತ್ರ ಬೇಕು. ಧೈರ್ಯದ ಪರೀಕ್ಷೆಗೆ ನನ್ನ ಆಕ್ಷೇಪವಿಲ್ಲ. ಬಾಯಾರಿದ ಹುಡುಗನಿಗೆ ನೀರು ನಿರಾಕರಿಸುವುದಕ್ಕಿದೆ.

ಯಹೂದಿ ಧರ್ಮಶಾಸ್ತ್ರದಲ್ಲಿ ನನಗೆ ಬಹಳ ಹಿಡಿಸಿದ್ದು ಅದು ಎಲ್ಲಿ ನಿಲ್ಲಿಸುತ್ತದೆ ಎಂಬುದು. ಮಗುವಿಗೆ ಕಾಯಿಲೆಯಿದ್ದರೆ ಎಂಟನೆಯ ದಿನವನ್ನೂ ಮುಂದೂಡಲೇಬೇಕು. ಸುನ್ನತಿಯಿಂದ ಇಬ್ಬರು ಅಣ್ಣಂದಿರು ಸತ್ತಿದ್ದರೆ ಮೂರನೆಯವನಿಗೆ ಮಾಡಬಾರದು ಎಂಬ ಮಾತು ಅವರ ಪ್ರಾಚೀನ ಧರ್ಮಗ್ರಂಥವಾದ ತಾಲ್ಮುದ್‌ನಲ್ಲಿಯೇ ಇದೆ. ರಕ್ತ ಸರಿಯಾಗಿ ಹೆಪ್ಪುಗಟ್ಟದ ಆನುವಂಶಿಕ ಕಾಯಿಲೆ ಹಿಮೋಫಿಲಿಯಾಕ್ಕೆ ಹೆಸರಿಡುವ ಶತಮಾನಗಳ ಮೊದಲೇ ತಾಯಂದಿರ ದುಃಖವನ್ನು ಕಂಡು ಬರೆದದ್ದು ಅದು.

ನಿಮ್ಮ ಸಹಪಾಠಿಯನ್ನು ಗುಡಿಸಲಿನ ವಿವರಗಳಿಗಾಗಿ ಒತ್ತಾಯಿಸಬೇಡಿ. ಅಲ್ಲಿ ನಡೆದದ್ದನ್ನು ಹೊರಗಿನವರಿಗೆ ಹೇಳಬಾರದೆಂಬುದು ಅವರ ಕಟ್ಟಳೆ.