ಹನಿ ಬೀಳುವ ಜಾಗ ಬೇರೆ, ತೂತು ಇರುವ ಜಾಗ ಬೇರೆ

ಪ್ರಶ್ನೆ: ಧಾರವಾಡದಲ್ಲಿ ನಮ್ಮ ಹಿತ್ತಿಲಲ್ಲಿ ಸಣ್ಣ ಬಡಗಿ ವರ್ಕ್‌ಶಾಪ್ ಇದೆ. ಮನೆ ಗೋಡೆಗೆ ಆನಿಸಿ 12 ಅಡಿಯ ತಗಡಿನ ಪತ್ರಾಸ್ ಇಳಿಜಾರಾಗಿ ಹಾಕಿಸಿದ್ದೇವೆ. ಮಳೆ ಬಂದರೆ ಸರಿಯಾಗಿ ರಂದಾ ಮಷೀನಿನ ಮೇಲೇ ಸೋರುತ್ತದೆ. ಒಳಗಿನಿಂದ ಸಿಮೆಂಟ್ ಮೆತ್ತಿಸಿದೆ, ಡಾಂಬರೂ ಬಳಿಸಿದೆ. ಒಂದು ತಿಂಗಳು ನಿಂತು ಮತ್ತೆ ಶುರುವಾಯಿತು. ಪತ್ರಾಸ್ ಎಲ್ಲಾ ಬದಲಿಸಬೇಕಾ?

ಉತ್ತರ: ತಗಡು ತುಕ್ಕು ತಿಂದು ಜರಡಿಯಾಗಿಲ್ಲ ಅಂದರೆ ಬೇಡ, ಸುಮ್ನೆ ದುಡ್ಡು ದಂಡ. ಸಿಮೆಂಟ್ ಯಾಕೆ ನಿಲ್ಲಲಿಲ್ಲ ಗೊತ್ತಾ? 12 ಅಡಿ ತಗಡು 40 ಡಿಗ್ರಿ ಜಾಸ್ತಿ ಕಾದರೆ ಸುಮಾರು ಒಂದೂಮುಕ್ಕಾಲು ಮಿಲಿಮೀಟರ್ ಹಿಗ್ಗುತ್ತದೆ, ರಾತ್ರಿ ಕುಗ್ಗುತ್ತದೆ. ಗಡುಸು ಸಿಮೆಂಟ್ ಆ ಅಲುಗಾಟಕ್ಕೆ ಬಗ್ಗುವುದಿಲ್ಲ, ಬಿರುಕು ಬಿಡುತ್ತದೆ. ಅದೂ ಅಲ್ಲದೆ ಒಳಗಿನಿಂದ ಮೆತ್ತಿದರೆ ನೀರು ಒಳಬರುವ ತೂತು ಮೇಲೆ ಹಾಗೇ ಇರುತ್ತದೆ, ಅಲ್ವಾ?

ಮೊದಲು ತೂತು ಹುಡುಕಿ. ನೀರು ಒಂದು ಕಡೆ ಒಳಬಂದು, ಪತ್ರಾಸ್ ಹೊತ್ತಿರುವ ಅಡ್ಡ ಪೈಪಿನ ಗುಂಟ ಹರಿದು, ಇನ್ನೆಲ್ಲೋ ಬೀಳುತ್ತದೆ. ಮೇನ್ ಸ್ವಿಚ್ ಆಫ್ ಮಾಡಿ. ಒಬ್ಬರು ಏಣಿಯ ಮೇಲಿಂದ ಪೈಪಿನಲ್ಲಿ ನೀರು ಬಿಡಲಿ, ಇನ್ನೊಬ್ಬರು ಒಳಗೆ ಸೀಮೆಸುಣ್ಣ ಹಿಡಿದು ನಿಲ್ಲಲಿ. ಕೆಳಗಿನ ಅಂಚಿನಿಂದ ಶುರು ಮಾಡಿ, ಐದೈದು ನಿಮಿಷಕ್ಕೆ ಒಂದಡಿ ಮೇಲೆ ಹೋಗಿ. ಮೇಲಿಂದ ಬಿಟ್ಟರೆ ಎಲ್ಲಾ ಕಡೆ ನೀರು, ಏನೂ ತಿಳಿಯುವುದಿಲ್ಲ.

ನಾನು ನೋಡಿದ ಹೆಚ್ಚಿನ ಶೆಡ್‌ಗಳಲ್ಲಿ ತಪ್ಪು ಸ್ಕ್ರೂಗಳದ್ದು. ಬಿಸಿಲಿಗೆ ರಬ್ಬರ್ ವಾಷರ್ ಸೀಳಿರುತ್ತದೆ. ಇಲ್ಲವೇ ಅವಸರದಲ್ಲಿ ಸ್ಕ್ರೂವನ್ನು ಅಲೆಯ ತಗ್ಗಿನಲ್ಲೇ ಹೊಡೆದಿರುತ್ತಾರೆ, ನೀರು ಹರಿಯುವುದೇ ಅಲ್ಲಿ! ಹಳೆಯದನ್ನು ತೆಗೆದು ಇಪಿಡಿಎಂ (ಬಿಸಿಲು ತಡೆಯುವ ರಬ್ಬರ್) ವಾಷರ್ ಇರುವ ಹೊಸದು ಹಾಕಿಸಿ. ತೂತು ಸಡಿಲವಾಗಿದ್ದರೆ 5.5ರ ಬದಲು 6.3 ಮಿ.ಮೀ. ದಪ್ಪದ ಸ್ಕ್ರೂ. ವಾಷರ್ ಕೂತರೆ ಸಾಕು. ತಗಡು ತಗ್ಗುವಷ್ಟು ಬಿಗಿದರೆ ಅಲ್ಲೇ ನೀರು ನಿಲ್ಲುತ್ತದೆ. ತಗ್ಗಿನ ತೂತುಗಳಿಗೆ ಮೇಲಿನಿಂದ ಬ್ಯುಟೈಲ್ ಟೇಪ್ (ಮೆತ್ತನೆಯ ಅಂಟು ರಬ್ಬರ್ ಪಟ್ಟಿ) ಅಂಟಿಸಿ, ಹೊಸ ಸ್ಕ್ರೂ ಉಬ್ಬಿನ ಮೇಲೆ ಹೊಡೆಸಿ. ಸಂದು ಮುಚ್ಚಲು ಸಿಲಿಕಾನ್ ಕೊಳ್ಳುವಾಗ ‘ನ್ಯೂಟ್ರಲ್’ ಅಂತ ಕೇಳಿ. ವಿನಿಗರ್ ವಾಸನೆಯದ್ದು ತಗಡಿನ ಸತುವನ್ನೇ ತಿನ್ನುತ್ತದೆ.

ಎರಡನೆಯ ಅನುಮಾನ, ಮನೆ ಗೋಡೆಗೂ ಪತ್ರಾಸಿಗೂ ನಡುವಿನ ಸಂದು. ಗೋಡೆಯಲ್ಲಿ ಉದ್ದಕ್ಕೆ ಸೀಳು ಕೊರೆದು, ತಗಡಿನ ಪಟ್ಟಿ ಸಿಕ್ಕಿಸಿ, ಪತ್ರಾಸಿನ ಮೇಲೆ ಅರ್ಧ ಅಡಿ ಇಳಿಬಿಡಬೇಕು. ನಮ್ಮಲ್ಲಿ ಮುಂಗಾರು ಪಶ್ಚಿಮದ ಗಾಳಿ ಜೊತೆ ಬರುತ್ತದೆ. ಹಾಗಾಗಿ ಪತ್ರಾಸುಗಳ ಪಕ್ಕದ ಜೋಡಣೆ ಪಶ್ಚಿಮಕ್ಕೆ ಬಾಯಿ ತೆರೆದಿದ್ದರೆ ಅದರೊಳಗೂ ಟೇಪ್ ಬೇಕು.

ಹತ್ತುವಾಗ ಎರಡು ಅಡ್ಡ ಪೈಪಿನ ಮೇಲೆ ಹಲಗೆ ಹಾಕಿಕೊಳ್ಳಿ. ಟೇಪ್ ಒಣಗಿದ ತಗಡಿಗೆ ಮಾತ್ರ ಅಂಟುತ್ತದೆ, ಆದ್ದರಿಂದ ಮಿರಗದ (ಮೃಗಶಿರ) ಮಳೆಗೆ ಮೊದಲೇ ಮುಗಿಸಿ.

ಇಷ್ಟಾದ ಮೇಲೂ ಚಳಿಗಾಲದ ಬೆಳಿಗ್ಗೆ ಮಳೆಯಿಲ್ಲದೆ ಹನಿ ಬಿದ್ದರೆ ಗಾಬರಿ ಬೇಡ. ಅದು ತಣ್ಣನೆಯ ತಗಡಿನ ಕೆಳಗೆ ಕೂರುವ ಇಬ್ಬನಿ. ಗಾಳಿಯಾಡಲು ಎದುರುಬದುರು ಗೋಡೆಗೆ ಒಂದೊಂದು ಜಾಲರಿ ಕಿಂಡಿ ಇಡಿಸಿ.