ಪೌಡರ್ ಹಾಕಿದ್ದೂ ನಿಜ, ಕಿಟ್ ಹೇಳಿದ್ದೂ ನಿಜ

ಪಾವಗಡ ತಾಲ್ಲೂಕಿನ ಓದುಗರೊಬ್ಬರ ಪತ್ರ ಬಂದಿದೆ. ಹೆಸರು ಹಾಕಬೇಡಿ ಎಂದಿದ್ದಾರೆ. ಜಲ ಜೀವನ್ ಮಿಷನ್‌ನಲ್ಲಿ ನೀರು ಪರೀಕ್ಷೆಯ ತರಬೇತಿ ಪಡೆದ ಹೆಣ್ಣುಮಗಳು. ಪತ್ರದ ಸಾರ ಇಷ್ಟು: “ಟ್ಯಾಂಕಿಗೆ ಬ್ಲೀಚಿಂಗ್ ಪೌಡರ್ ಹಾಕಿದ್ದೇವೆ ಅಂತ ರಿಜಿಸ್ಟರಿನಲ್ಲಿದೆ. ನೀರುಗಂಟಿಯೂ ಆಣೆ ಮಾಡ್ತಾರೆ. ನಮ್ಮ ಬೀದಿ ನಲ್ಲಿ ನೀರಿಗೆ ಕಿಟ್ಟಿನ ಔಷಧಿ ಬಿಟ್ಟರೆ ಹಳದಿ ಬಣ್ಣವೇ ಬರಲ್ಲ. ಹೇಳಿದರೆ ‘ನಿನಗೆ ನೋಡೋಕೆ ಬರಲ್ಲ’ ಅಂತಾರೆ. ಯಾರನ್ನು ನಂಬಲಿ? ಕಾಯಿಸಿ ಕುಡಿದರೆ ಸಾಕಲ್ವಾ?”

ನಮಸ್ಕಾರ ಅಕ್ಕ. ಸದ್ಯಕ್ಕೆ ಇಬ್ಬರನ್ನೂ ನಂಬಿ. ಪೌಡರಿನಲ್ಲಿ ರೋಗಾಣು ಕೊಲ್ಲುವುದು ಕ್ಲೋರಿನ್. ಅದು ನೀರಿನಲ್ಲಿ ಉಳಿದಿದ್ದರೆ ಕಿಟ್ಟಿನ ಔಷಧಿಗೆ ಹಳದಿ ಬಣ್ಣ ಬರುತ್ತದೆ. ಪೌಡರ್ ಹಾಕಿಯೂ ನಲ್ಲಿಯಲ್ಲಿ ಕ್ಲೋರಿನ್ ಇಲ್ಲದೇ ಇರಬಹುದು.

ನಮ್ಮೂರಿನ ಪಂಪ್‌ಹೌಸಿಗೆ ಒಮ್ಮೆ ಹೋಗಿದ್ದೆ. ಪೌಡರ್ ಚೀಲ ಬಾಯಿ ತೆರೆದುಕೊಂಡು ಮೂಲೆಯಲ್ಲಿ ಬಿದ್ದಿತ್ತು. ಕೈ ಹಾಕಿದರೆ ಗಟ್ಟಿ ಹೆಂಟೆ. ಮೂಗಿಗೆ ಘಾಟೇ ಇಲ್ಲ. ಪಕ್ಕದ ಸ್ಟಾರ್ಟರ್ ಡಬ್ಬಿ ಮಾತ್ರ ತುಕ್ಕು ಹಿಡಿದು ಕೆಂಪಾಗಿತ್ತು. ನೀರಿಗೆ ಹೋಗಬೇಕಾದ ಕ್ಲೋರಿನ್ ಅಲ್ಲಿಗೆ ಹೋಗಿತ್ತು! ಒಳ್ಳೆಯ ಹೊಸ ಪೌಡರಿನಲ್ಲಿ ಸುಮಾರು ಮೂರನೇ ಒಂದು ಭಾಗ ಕ್ಲೋರಿನ್ ಇರುತ್ತದೆ. ಗಾಳಿ, ಬೆಳಕು, ತೇವ ತಾಗಿದರೆ ಅದು ಹಾರಿಹೋಗುತ್ತದೆ, ಸುಣ್ಣ ಉಳಿಯುತ್ತದೆ. ಅದನ್ನೇ ಎಷ್ಟು ಸುರಿದರೇನು?

ಲೆಕ್ಕ ದೊಡ್ಡದೇನಲ್ಲ. 1,000 ಲೀಟರಿಗೆ 2.5 ಗ್ರಾಂ ಎಂದರೂ 50,000 ಲೀಟರ್ ಟ್ಯಾಂಕಿಗೆ 125 ಗ್ರಾಂ, ಹೆಚ್ಚುಕಡಿಮೆ ಒಂದು ಲೋಟ. ನೀರು ಕೊಳೆಯಿದ್ದರೆ ಇನ್ನೂ ಜಾಸ್ತಿ ಬೇಕು. ಬಕೆಟ್ಟಿನಲ್ಲಿ ಕಲಸಿ, ಸುಣ್ಣ ತಳಕ್ಕೆ ಇಳಿದ ಮೇಲೆ ಮೇಲಿನ ತಿಳಿಯನ್ನು ಟ್ಯಾಂಕಿಗೆ ಹಾಕಬೇಕು. ಆಮೇಲೆ ಅರ್ಧ ಗಂಟೆ, ಒಂದು ಗಂಟೆ ಬಿಟ್ಟು ವಾಲ್ವ್ ತೆಗೆಯಬೇಕು. ಆದರೆ ತ್ರೀ ಫೇಸ್ ಕರೆಂಟ್ ಇರುವಷ್ಟರಲ್ಲಿ ಟ್ಯಾಂಕ್ ತುಂಬಬೇಕು, ಜನ ಕೊಡ ಹಿಡಿದು ಬೈಯುತ್ತಿರುತ್ತಾರೆ. ನೀರುಗಂಟಿ ಏನು ಮಾಡಬೇಕು ಹೇಳಿ?

ಇನ್ನು ಪೈಪು. ನೀರು ನಿಂತಾಗ ಪೈಪು ಖಾಲಿ. ಎಲ್ಲೋ ಜಾಯಿಂಟ್ ಸಡಿಲವಿದ್ದು ಪಕ್ಕದಲ್ಲಿ ಚರಂಡಿ ಇದ್ದರೆ ಕೊಳೆ ಒಳಗೆ ಬರುತ್ತದೆ. ನಲ್ಲಿಗೆ ಮೋಟಾರ್ ಹಾಕಿ ಎಳೆಯುವವರಿದ್ದರೆ ಮುಗಿದೇಹೋಯಿತು. ಇದ್ದ ಕ್ಲೋರಿನ್ ಆ ಕೊಳೆಯ ಮೇಲೆ ಖರ್ಚಾಗಿ, ಕೊನೆ ಮನೆಗೆ ಬರೀ ನೀರು ತಲುಪುತ್ತದೆ. 2023ರಲ್ಲಿ ಚಿತ್ರದುರ್ಗದ ಕವಾಡಿಗರಹಟ್ಟಿಯಲ್ಲಿ ಕಲುಷಿತ ನೀರು ಕುಡಿದು ಜನ ಸತ್ತಿದ್ದು ನೆನಪಿರಬಹುದು.

ಹಾಗಾಗಿ ಒಂದೇ ದಿನ ಬೆಳಿಗ್ಗೆ ಮೂರು ಕಡೆ ನೋಡಿ: ಟ್ಯಾಂಕಿನ ಬುಡದಲ್ಲಿ, ಊರ ನಡುವೆ, ಕೊನೆ ಮನೆಯಲ್ಲಿ. ಬುಡದಲ್ಲೇ ಹಳದಿ ಬರದಿದ್ದರೆ ತಪ್ಪು ಪೌಡರಿನದು, ಇಲ್ಲವೇ ಅಳತೆಯದು. ಬುಡದಲ್ಲಿ ಬಂದು ಕೊನೆಯಲ್ಲಿ ಬರದಿದ್ದರೆ ಮೊದಲು ಪೈಪ್ ಲೈನ್ ಹುಡುಕಿಸಿ. ಕುಡಿಯುವ ನೀರಿನ ಭಾರತೀಯ ಮಾನದಂಡ ಐಎಸ್ 10500 ಕೇಳುವುದು ಬಳಸುವವರ ಕಡೆಯ ಲೆಕ್ಕ: ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು. ನಾನು ನೋಡಿದ ರಿಜಿಸ್ಟರಿನಲ್ಲಿ ‘ಹಾಕಲಾಗಿದೆ’ ಎಂಬ ಕಾಲಂ ಇತ್ತು, ‘ಎಷ್ಟು ಉಳಿದಿದೆ’ ಎಂಬ ಕಾಲಂ ಇರಲಿಲ್ಲ. ಇದ್ದಿದ್ದರೆ ನೀವು ಈ ಪತ್ರ ಬರೆಯುತ್ತಿರಲಿಲ್ಲ, ಅಲ್ವಾ?

ಕಾಯಿಸುವ ವಿಷಯ. ಕೊತಕೊತ ಕುದಿಸಿದರೆ ರೋಗಾಣು ಸಾಯುತ್ತವೆ, ಖಂಡಿತ ಕಾಯಿಸಿ. ಆದರೆ ನಿಮ್ಮದು ಪಾವಗಡ, ಬೋರ್ ನೀರಿನಲ್ಲಿ ಹಲ್ಲು, ಮೂಳೆ ಕೆಡಿಸುವ ಫ್ಲೋರೈಡ್ ಜಾಸ್ತಿ ಇರುವ ಊರು. ಫ್ಲೋರೈಡ್ ಕುದಿಸಿದರೆ ಹೋಗಲ್ಲ. ನೀರು ಆವಿಯಾದಷ್ಟೂ ಅದು ಗಾಢವಾಗುತ್ತದೆ. ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ. ವರ್ಷಕ್ಕೊಮ್ಮೆ ರಾಸಾಯನಿಕ, ಎರಡು ಸಲ ರೋಗಾಣು ಪರೀಕ್ಷೆ ಲ್ಯಾಬಿನಲ್ಲಿ ಆಗಬೇಕು ಎಂದು ಮಿಷನ್ನೇ ಹೇಳಿದೆ. ಆ ವರದಿಯ ಪ್ರತಿಯನ್ನು ಪಿಡಿಓ ಹತ್ತಿರ ಕೇಳಿ. ಬಾಯಿಮಾತಿಗೆ ಸಿಗದಿದ್ದರೆ 10 ರೂಪಾಯಿ ಕಟ್ಟಿ ಮಾಹಿತಿ ಹಕ್ಕಿನಲ್ಲಿ ಕೇಳಿ, 30 ದಿನದೊಳಗೆ ಕೊಡಬೇಕು.

ನೀರುಗಂಟಿ ಜೊತೆ ಜಗಳಕ್ಕೆ ನಿಲ್ಲಬೇಡಿ. ಆ ಮೂರು ಕಡೆಗೂ ಅವರನ್ನೇ ಕರೆದುಕೊಂಡು ಹೋಗಿ. ಗ್ರಾಮಸಭೆ ದಿನ ಕೊನೆ ಮನೆಯಿಂದ ಒಂದು ಚೊಂಬು ನೀರು ತರಿಸಿ, ಎಲ್ಲರೆದುರೇ ಔಷಧಿ ಬಿಡಿ. ಬಣ್ಣವನ್ನು ತಕ್ಷಣ ನೋಡಬೇಕು. ಪರೀಕ್ಷೆ ಮಾಡಿದ ನೀರನ್ನು ಯಾರೂ ಕುಡಿಯದ ಹಾಗೆ ಚೆಲ್ಲಿ. ಮತ್ತೆ, ಹೊರಡುವ ಮುಂಚೆ ಔಷಧಿ ಬಾಟಲಿಯ ಎಕ್ಸ್‌ಪೈರಿ ದಿನಾಂಕ ನೋಡಿಕೊಳ್ಳಿ. ‘ನಿನಗೆ ನೋಡೋಕೆ ಬರಲ್ಲ’ ಅನ್ನುವವರು ಮೊದಲು ಕೇಳುವುದೇ ಅದನ್ನ.

- ಸಂಪಾದಕ